ಬೀಜ ಬಿತ್ತುವ ಮೊದಲೇ ಗಿಡದ ಗುಣ ಲೆಕ್ಕ ಹಾಕುವುದು ಹೇಗೆ?

ಪಕ್ಕದ ಮನೆಯ ಅತ್ತೆ ಹೋದ ವರ್ಷ ಮಾರ್ಕೆಟ್ಟಿನಿಂದ ತಂದ ಟೊಮೆಟೊಗಳಲ್ಲಿ ಚೆಂದದ್ದೊಂದನ್ನು ಆರಿಸಿ, ಬೀಜ ತೆಗೆದು, ಬೂದಿಯಲ್ಲಿ ಉಜ್ಜಿ ಒಣಗಿಸಿ ಇಟ್ಟಿದ್ದರು. ಈ ವರ್ಷ ಹಾಕಿದ ಒಂಬತ್ತು ಗಿಡಗಳಲ್ಲಿ ಒಂದು ಆಳೆತ್ತರ ಬೆಳೆಯಿತು, ಒಂದು ಮೊಣಕಾಲೆತ್ತರಕ್ಕೇ ನಿಂತಿತು. ಒಂದರಲ್ಲಿ ಉದ್ದನೆಯ ಹಣ್ಣು, ಇನ್ನೊಂದರಲ್ಲಿ ಗುಂಡು. "ಬೀಜ ಕೆಟ್ಟಿದೆ ಕಣೋ" ಅಂದರು. ಬೀಜ ಕೆಟ್ಟಿರಲಿಲ್ಲ. ಹೈಬ್ರಿಡ್ ಹಣ್ಣಿನ ಬೀಜ ಏನು ಮಾಡಬೇಕೋ ಅದನ್ನೇ ಮಾಡಿತ್ತು.

ಯಾವ ಬೀಜದಿಂದ ಎಂಥ ಗಿಡ ಬರಬಹುದು ಎಂಬುದನ್ನು ಮೊದಲೇ ಲೆಕ್ಕ ಹಾಕುವುದು ಹತ್ತನೇ ತರಗತಿಯ ಪಾಠವೇ. ಪರೀಕ್ಷೆಗೆ ಬರೆದು ಮರೆತ 3:1 ಇದೆಯಲ್ಲ, ಅದೇ. ಅದನ್ನು ಹಿತ್ತಲಿನಲ್ಲೋ ತಾರಸಿಯಲ್ಲೋ ನಿಜಕ್ಕೂ ಬಳಸುವುದು ಹೇಗೆ ಎಂದು ಇಲ್ಲಿ ಬರೆಯುತ್ತೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ಲೆಕ್ಕ ಸಾಲಿನ ಬಗ್ಗೆ ಮಾತಾಡುತ್ತದೆ, ಒಂಟಿ ಗಿಡದ ಬಗ್ಗೆ ಬಾಯಿ ಬಿಡುವುದಿಲ್ಲ. ಹಾಗಾಗಿ "ಏನು ಬರುತ್ತೆ?" ಎಂಬ ಪ್ರಶ್ನೆಯ ಬೆನ್ನಿಗೇ "ಎಷ್ಟು ಬೀಜ ಹಾಕಬೇಕು?" ಎಂಬುದೂ ಬರುತ್ತದೆ. ಪಾಠದಲ್ಲಿ ಈ ಎರಡನೆಯದನ್ನು ಯಾರೂ ಕೇಳುವುದಿಲ್ಲ. ತೋಟದಲ್ಲಿ ಸೋಲುವುದು ಮಾತ್ರ ಅಲ್ಲೇ.

ಮೊದಲು ಗುಣ ಆರಿಸಿ

ಇಳುವರಿ, ಹಣ್ಣಿನ ತೂಕ, ಸಿಹಿ ಇವುಗಳ ತಂಟೆಗೆ ಹೋಗಬೇಡಿ. ಒಂದೊಂದರ ಹಿಂದೆಯೂ ಹಲವು ಜೀನ್‌ಗಳು ಕೆಲಸ ಮಾಡುತ್ತವೆ, ಜೊತೆಗೆ ಗೊಬ್ಬರ, ನೀರು, ಬಿಸಿಲು ಕೈಯಾಡಿಸುತ್ತವೆ. ನಮಗೆ ಬೇಕಾದದ್ದು "ಇದೆ" ಅಥವಾ "ಇಲ್ಲ" ಎಂದು ಕಣ್ಣಿಗೆ ಕಾಣುವ, ಒಂದೇ ಜೀನ್ ಆಳುವ ಗುಣ. ಟೊಮೆಟೊದಲ್ಲಿ ತಿರುಳು ಕೆಂಪೋ ಹಳದಿಯೋ ಎಂಬುದು ಅಂಥದ್ದು, ಕೆಂಪೇ ಪ್ರಬಲ. ಎಲೆಯಂಚು ಗರಗಸದ ಹಾಗೋ, ಆಲೂಗಡ್ಡೆ ಎಲೆಯ ಹಾಗೆ ನುಣುಪೋ ಎಂಬುದೂ ಅಷ್ಟೇ, ಗರಗಸದಂಚು ಪ್ರಬಲ. ಮೆಣಸಿನಗಿಡದಲ್ಲಿ ಕಾಯಿ ಕೆಳಗೆ ಜೋಲುವುದು ಪ್ರಬಲ, ಆಕಾಶ ನೋಡುವುದು ದುರ್ಬಲ. ಖಾರ ಇರುವುದು ಪ್ರಬಲ, ದೊಣ್ಣೆ ಮೆಣಸಿನಕಾಯಿಯ ಹಾಗೆ ಸಪ್ಪೆ ಇರುವುದು ದುರ್ಬಲ. ಬಟಾಣಿಯಲ್ಲಿ ಗುಂಡು ಕಾಳು ಪ್ರಬಲ, ಸುಕ್ಕು ಕಾಳು ದುರ್ಬಲ.

ದುರ್ಬಲ ಎಂದರೆ ಕೆಲಸಕ್ಕೆ ಬಾರದ್ದು ಎಂದಲ್ಲ. ಜೊತೆಗಾರ ಪ್ರಬಲನಿದ್ದಾಗ ಸುಮ್ಮನಿರುತ್ತದೆ, ಅಷ್ಟೇ. ಸುಕ್ಕು ಬಟಾಣಿಯೇ ತಿನ್ನಲು ಹೆಚ್ಚು ಸಿಹಿ.

ತಂದೆ-ತಾಯಿ ಶುದ್ಧವೇ?

ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಂದಲೇ. ಪ್ರತಿ ಗುಣಕ್ಕೂ ಗಿಡದೊಳಗೆ ಆ ಜೀನ್‌ನ ಎರಡು ಪ್ರತಿ ಇರುತ್ತವೆ, ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಎರಡೂ ಒಂದೇ ಆಗಿದ್ದರೆ ಗಿಡ ಆ ಗುಣದಲ್ಲಿ ಶುದ್ಧ. ಕೆಂಪು ಟೊಮೆಟೊ ನೋಡಿದರೆ ಒಳಗೆ ಎರಡೂ ಕೆಂಪೋ, ಒಂದು ಹಳದಿ ಅಡಗಿದೆಯೋ ಹೇಳಲಾಗದು. ಹಳದಿಯದು ಆ ತಕರಾರಿಲ್ಲ. ದುರ್ಬಲ ಗುಣ ಮೇಲೆ ಕಾಣಿಸಿತೆಂದರೆ ಒಳಗೆ ಎರಡೂ ಅದೇ.

ನಾಟಿ ಅಥವಾ ಜವಾರಿ ಬೀಜ, ನಾಲ್ಕಾರು ವರ್ಷ ನೀವೇ ಬೆಳೆದು ಒಂದೇ ಥರ ಬಂದದ್ದು ಖಾತ್ರಿಯಿದ್ದರೆ, ಟೊಮೆಟೊ ಮತ್ತು ಬಟಾಣಿಯಲ್ಲಿ ಬಹುಪಾಲು ಶುದ್ಧವೇ. ಅವುಗಳ ಹೂವು ತನ್ನ ಪರಾಗವನ್ನೇ ತಾನು ತೆಗೆದುಕೊಳ್ಳುತ್ತದೆ. ಮೆಣಸು, ಬದನೆ ಅಷ್ಟು ಕಟ್ಟುನಿಟ್ಟಲ್ಲ, ಜೇನುಹುಳ ಬೆರಕೆ ಮಾಡಿಬಿಡುತ್ತದೆ. ಕುಂಬಳ, ಸೌತೆ, ಜೋಳದ ನಾಟಿ ಬೀಜ ಅಕ್ಕಪಕ್ಕದ ಹೊಲದ ಸಂಬಂಧ ಬೆಳೆಸಿರುವುದೇ ಹೆಚ್ಚು.

ಪೊಟ್ಟಣದ ಮೇಲೆ ಎಫ್1, ಅಂದರೆ ಎರಡು ತಳಿಗಳ ಕ್ರಾಸಿನ ಮೊದಲ ಪೀಳಿಗೆ, ಎಂದಿದ್ದರೆ ಅದು ಶುದ್ಧವಲ್ಲ ಎಂದು ಕಂಪನಿಯೇ ಬರೆದುಕೊಟ್ಟ ಹಾಗೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಒಳ್ಳೆಯ ಟೊಮೆಟೊ, ಮೂರು ರೋಗಗಳನ್ನು ತಡೆಯುತ್ತದೆ. ಆದರೆ ಅದು ಎಫ್1. ಅದರ ಹಣ್ಣಿನ ಬೀಜ ಇಟ್ಟುಕೊಂಡರೆ ಅತ್ತೆಯ ಕತೆಯೇ.

ಅಕ್ಷರ ಹಾಕುವುದು: ದೀರ್ಘ, ಹ್ರಸ್ವ

ಇಂಗ್ಲಿಷ್ ಪಾಠದಲ್ಲಿ ಪ್ರಬಲಕ್ಕೆ ದೊಡ್ಡಕ್ಷರ, ದುರ್ಬಲಕ್ಕೆ ಚಿಕ್ಕಕ್ಷರ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ ಎಂದು ಎಷ್ಟೋ ದಿನ ನಾನೂ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲೇ ಬರೆದುಕೊಳ್ಳುತ್ತಿದ್ದೆ. ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಏರ್ಪಾಡಿದೆ: ಪ್ರಬಲಕ್ಕೆ ದೀರ್ಘ, ದುರ್ಬಲಕ್ಕೆ ಹ್ರಸ್ವ. ರಂಗಿಗೆ "ರ" ಇಟ್ಟುಕೊಳ್ಳೋಣ. ಕೆಂಪು ಕೊಡುವ ಪ್ರತಿ "ರಾ", ಹಳದಿಯದು "ರ". ಎಲೆಗೆ "ಲ": ಗರಗಸದಂಚಿಗೆ "ಲಾ", ಆಲೂ ಎಲೆಗೆ "ಲ".

ಹಾಗಾದರೆ ಶುದ್ಧ ಕೆಂಪು ಗಿಡ ರಾ-ರಾ. ಹಳದಿ ಗಿಡ ರ-ರ. ಕೆಂಪಾಗಿಯೇ ಕಂಡರೂ ಒಳಗೆ ಹಳದಿ ಬಚ್ಚಿಟ್ಟುಕೊಂಡದ್ದು ರಾ-ರ. ಪರಾಗಕ್ಕೋ ಅಂಡಕ್ಕೋ ಹೋಗುವಾಗ ಎರಡರಲ್ಲಿ ಒಂದೇ ಹೋಗುತ್ತದೆ, ಯಾವುದು ಎಂಬುದು ನಾಣ್ಯ ಚಿಮ್ಮಿದ ಹಾಗೆ. ಇಡೀ ವಿದ್ಯೆ ನಿಂತಿರುವುದು ಈ ಒಂದು ವಾಕ್ಯದ ಮೇಲೆ.

ಕ್ರಾಸ್ ಮಾಡುವ ಕೈಕೆಲಸ

ಉದಾಹರಣೆಗೆ ಒಂದು ಜೋಡಿ ತೆಗೆದುಕೊಳ್ಳೋಣ. ತಾಯಿ: ಆಲೂ ಎಲೆಯ ಕೆಂಪು ಟೊಮೆಟೊ, ಅಂದರೆ ರಾ-ರಾ, ಲ-ಲ. ತಂದೆ: ಮಾಮೂಲಿ ಎಲೆಯ ಹಳದಿ ಟೊಮೆಟೊ, ಅಂದರೆ ರ-ರ, ಲಾ-ಲಾ. ನಮಗೆ ಬೇಕಾದದ್ದು ಆಲೂ ಎಲೆಯ ಹಳದಿ ಟೊಮೆಟೊ. ತಾರಸಿ ತೋಟದವರು ಬೀಜ ತರಿಸುವ ಬ್ರಾಂಡಿವೈನ್ ಎಂಬ ಟೊಮೆಟೊ ತಳಿ ಆಲೂ ಎಲೆಯದೇ. ಆದರೆ ಅದರ ಸಿಪ್ಪೆಗೆ ಬಣ್ಣವಿಲ್ಲ, ಅದಕ್ಕೇ ಹಣ್ಣು ಗುಲಾಬಿಯಾಗಿ ಕಾಣುತ್ತದೆ, ಅದು ಮೂರನೆಯ ಜೀನ್. ಮೊದಲ ಸಲ ಬೇಡ.

ನಾಳೆ ಅರಳುವ ಮೊಗ್ಗು ಹುಡುಕಿ. ದಳದ ಹಸಿರು ಹೋಗಿ ತಿಳಿಹಳದಿ ಬಂದಿರಬೇಕು, ಬಾಯಿ ಬಿಟ್ಟಿರಬಾರದು. ಪೂರ್ತಿ ಅರಳಿದ ಹೂವಿನಲ್ಲಿ ಮದುವೆ ಆಗಿಹೋಗಿರುತ್ತದೆ. ದಳಗಳನ್ನು ಚಿಮುಟದಿಂದ ಹಿಂದಕ್ಕೆ ಬಗ್ಗಿಸಿದರೆ ನಡುವೆ ಹಳದಿ ಶಂಕುವಿನ ಹಾಗೆ ಕೇಸರಗಳು ಒಂದಕ್ಕೊಂದು ಅಂಟಿ ನಿಂತಿರುತ್ತವೆ. ಶಂಕುವಿನ ಪಕ್ಕದಲ್ಲಿ ಸೂಜಿಯಿಂದ ಸೀಳಿ, ಹೋಳು ಹೋಳಾಗಿ ಕಿತ್ತು ತೆಗೆಯಿರಿ. ಉಳಿಯುವುದು ಹಸಿರು ದಾರದಂಥ ಒಂದೇ ಕಡ್ಡಿ. ಅದರ ತುದಿಯೇ ಪರಾಗ ಹಿಡಿಯುವ ಶಲಾಕಾಗ್ರ. ನನ್ನ ಮೊದಲ ಹತ್ತು ಹೂಗಳಲ್ಲಿ ಏಳು ಈ ಕಡ್ಡಿ ಮುರಿದೇ ಹೋದವು. ರಾಣೆಬೆನ್ನೂರು ಕಡೆ ಬೀಜೋತ್ಪಾದನೆಯ ಪ್ಲಾಟುಗಳಲ್ಲಿ ಹೆಣ್ಣುಮಕ್ಕಳು ಇದೇ ಕೆಲಸವನ್ನು ಮಾತಾಡುತ್ತ ಮಾತಾಡುತ್ತ ಮುಗಿಸುವುದನ್ನು ನೋಡಿದರೆ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ತಂದೆ ಗಿಡದ ಅರಳಿದ ಹೂವನ್ನು ಕಪ್ಪು ಕಾಗದದ ಮೇಲೆ ತಟ್ಟಿ. ಬೀಳುವ ಬಿಳಿ ಪುಡಿಯನ್ನು ಬೆರಳ ತುದಿಯಿಂದ ಆ ಕಡ್ಡಿಯ ತುದಿಗೆ ಮುಟ್ಟಿಸಿ, ಅದರ ಮರುದಿನ ಇನ್ನೊಮ್ಮೆ. ಅದೇ ಗೊಂಚಲಿನ ಉಳಿದ ಹೂ, ಮೊಗ್ಗು ಕಿತ್ತುಹಾಕಿ. ಗುರುತಿಗೆ ಹೂವಿನ ಹಸಿರು ಪುಷ್ಪಪತ್ರಗಳಲ್ಲಿ ಎರಡನ್ನು ಅರ್ಧ ಕತ್ತರಿಸಿ. ಚೀಟಿ ಬಿದ್ದುಹೋದರೂ ಹಣ್ಣಿನ ತೊಟ್ಟಿನಲ್ಲಿ ಆ ಗುರುತು ಉಳಿಯುತ್ತದೆ. ಇದನ್ನು ನಾನು ಕಲಿತದ್ದು ಒಂದು ಮಳೆಯಲ್ಲಿ ಜೆಲ್ ಪೆನ್ನಿನ ಚೀಟಿಗಳೆಲ್ಲ ತೊಳೆದುಹೋದ ಮೇಲೆ. ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ: ತಾಯಿ ಮೊದಲು, ಗುಣಾಕಾರ ಚಿಹ್ನೆ, ಆಮೇಲೆ ತಂದೆ, ತಾರೀಖು.

ಈ ಹಣ್ಣು ತಾಯಿಯ ಉಳಿದ ಹಣ್ಣುಗಳ ಹಾಗೆಯೇ ಇರುತ್ತದೆ, ಗಾಬರಿ ಬೇಡ. ತಂದೆ ಸೇರಿರುವುದು ಬೀಜದೊಳಗೆ. ಹಣ್ಣಾದ ಮೇಲೆ ಲೋಳೆ ಸಮೇತ ಬೀಜವನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿ.

ಎಫ್1: ಕಳ್ಳಸಸಿ ಹಿಡಿಯುವುದು

ಈ ಬೀಜದಿಂದ ಬರುವ ಎಲ್ಲ ಗಿಡವೂ ರಾ-ರ, ಲಾ-ಲ. ಅಂದರೆ ಎಲ್ಲವೂ ಕೆಂಪು, ಎಲ್ಲಕ್ಕೂ ಮಾಮೂಲಿ ಎಲೆ. ಲೆಕ್ಕ ಹಾಕುವುದೇನೂ ಇಲ್ಲ. ಆದರೆ ಒಂದು ಪರೀಕ್ಷೆ ಇಲ್ಲಿದೆ. ನಾವು ಬೇಕೆಂದೇ ಆಲೂ ಎಲೆಯದನ್ನು ತಾಯಿ ಮಾಡಿದ್ದೆವು. ಕೇಸರ ಕೀಳುವಾಗ ಒಂದು ಹೋಳು ಉಳಿದು ತಾಯಿಯ ಪರಾಗವೇ ಬಿದ್ದಿದ್ದರೆ, ಆ ಬೀಜದಿಂದ ಆಲೂ ಎಲೆಯ ಸಸಿ ಬರುತ್ತದೆ. ನಾಲ್ಕೈದು ಎಲೆ ಬಿಟ್ಟಾಗಲೇ ಸಿಕ್ಕಿಬೀಳುತ್ತದೆ, ಕಿತ್ತೆಸೆಯಿರಿ. ದುರ್ಬಲ ಗುಣದ್ದನ್ನು ತಾಯಿ ಮಾಡಿ, ಪ್ರಬಲ ಗುಣದ್ದನ್ನು ತಂದೆ ಮಾಡಿ: ಕ್ರಾಸ್ ನಿಜವೋ ಸುಳ್ಳೋ ಎಂದು ಸಸಿಯೇ ಹೇಳುತ್ತದೆ.

ಇದು ತಾರಸಿಯವರ ಚಮತ್ಕಾರವೇನಲ್ಲ. ರಾಗಿಯ ಹೂವು ಎಷ್ಟು ಸಣ್ಣದೆಂದರೆ ಒಂದೊಂದರ ಕೇಸರ ಕೀಳುವುದು ಪ್ರಯಾಸದ ಕೆಲಸ. ಹಾಗಾಗಿ ಎರಡು ತಳಿಯ ತೆನೆಗಳನ್ನು ಒಟ್ಟಿಗೆ ಕಟ್ಟಿಬಿಡುವ ರೂಢಿಯಿದೆ. ಹಸಿರು ಗಿಡ ತಾಯಿ, ನೇರಳೆ ಛಾಯೆಯ ಗಿಡ ತಂದೆ. ನೇರಳೆ ಪ್ರಬಲ. ತಾಯಿಯ ಬೀಜ ಬಿತ್ತಿದಾಗ ನೂರಾರು ಹಸಿರು ಸಸಿಗಳ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಕಂಡರೆ ಅದೇ ನಿಜವಾದ ಸಂಕರ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ "ಇಂಡಾಫ್" ತಳಿಗಳನ್ನು ತಂದರು. ಹೆಸರಿನಲ್ಲೇ ಎರಡೂ ಊರಿವೆ. ತೆಂಗಿನ ನರ್ಸರಿಯಲ್ಲೂ ಇದೇ ಬಗೆ. ಚಾವಕ್ಕಾಡ್ ಕಿತ್ತಳೆ ಗಿಡ್ಡ ತಳಿಯನ್ನು ತಾಯಿ ಮಾಡಿ ಎತ್ತರದ ತಳಿಯ ಪರಾಗ ಕೊಟ್ಟಾಗ, ಸಸಿಯ ಎಲೆದಂಟು ಕಿತ್ತಳೆಯಾಗಿಯೇ ಉಳಿದರೆ ಅದು ಬರೀ ಗಿಡ್ಡ ತಳಿ, ಹಸಿರೋ ಕಂದೋ ಆಗಿದ್ದರೆ ಹೈಬ್ರಿಡ್. ತೆಂಗಿನ ಹೈಬ್ರಿಡ್ ಸಸಿ ಕೊಳ್ಳಲು ಹೋದಾಗ ದಂಟಿನ ಬಣ್ಣದ ಬಗ್ಗೆ ಕೇಳಿ. ಉತ್ತರ ಹೇಗೆ ಬರುತ್ತದೆ ಎಂಬುದರಿಂದಲೇ ನರ್ಸರಿ ಎಂಥದ್ದೆಂದು ಗೊತ್ತಾಗುತ್ತದೆ.

ಎಫ್2: ನಾಲ್ಕು ಮನೆಯ ಚೌಕ

ಎಫ್1 ಗಿಡದ ಹೂವನ್ನು ಅದರ ಪಾಡಿಗೆ ಬಿಡಿ, ತಾನೇ ಪರಾಗ ತೆಗೆದುಕೊಳ್ಳಲಿ. ಆ ಹಣ್ಣಿನ ಬೀಜವೇ ಎಫ್2. ಈಗ ಕಾಗದದ ಮೇಲೆ ನಾಲ್ಕು ಮನೆಯ ಚೌಕ ಹಾಕಿ. ಮೇಲೆ ಪರಾಗದ ಎರಡು ಬಗೆ (ರಾ, ರ), ಪಕ್ಕದಲ್ಲಿ ಅಂಡದ ಎರಡು ಬಗೆ (ರಾ, ರ). ಮನೆ ತುಂಬಿದರೆ:

ರಾ-ರಾ, ರಾ-ರ
ರ-ರಾ, ರ-ರ

ಕೇಂಬ್ರಿಜ್‌ನ ರೆಜಿನಾಲ್ಡ್ ಪನೆಟ್ ಎಂಬಾತ ಬಳಕೆಗೆ ತಂದದ್ದರಿಂದ ಇದಕ್ಕೆ ಪನೆಟ್ ಚೌಕ ಎಂದು ಹೆಸರು. ಛಂದಸ್ಸು ಕಲಿತವರು ಇದನ್ನು ಬೇರೆ ಹೆಸರಿನಲ್ಲಿ ನೋಡಿದ್ದೀರಿ: ಎರಡಕ್ಷರದ ಪ್ರಸ್ತಾರ ಹಾಕಿದರೆ ಗುರು-ಗುರು, ಲಘು-ಗುರು, ಗುರು-ಲಘು, ಲಘು-ಲಘು ಎಂದು ನಾಲ್ಕೇ ಬರುತ್ತವಲ್ಲ, ಅದೇ ನಾಲ್ಕು ಮನೆ. ದೀರ್ಘ ಒಂದಾದರೂ ಇದ್ದಲ್ಲಿ ಕೆಂಪು, ಅಂದರೆ ಮೂರು ಮನೆ. ಬರೀ ಹ್ರಸ್ವ ಇರುವ ಒಂದು ಮನೆ ಹಳದಿ. ಇದೇ 3:1.

ಮೆಂಡೆಲ್ ಬ್ರನೋ ಪಟ್ಟಣದ ಮಠದ ತೋಟದಲ್ಲಿ ಬಟಾಣಿ ಎಣಿಸಿ 1866ರಲ್ಲಿ ಅಚ್ಚು ಹಾಕಿಸಿದ ಲೆಕ್ಕದಲ್ಲಿ 5,474 ಗುಂಡು ಕಾಳು, 1,850 ಸುಕ್ಕು ಕಾಳು. ಭಾಗಿಸಿದರೆ 2.96. ಪುಸ್ತಕಗಳು ಇಷ್ಟನ್ನೇ ಹೇಳಿ ಮುಂದೆ ಹೋಗುತ್ತವೆ. ಆತ ಅದೇ ಲೇಖನದಲ್ಲಿ ಬಿಡಿ ಗಿಡಗಳ ಲೆಕ್ಕವನ್ನೂ ಕೊಟ್ಟಿದ್ದಾನೆ, ಬೆಳೆಯುವವರು ನೋಡಬೇಕಾದದ್ದು ಅದನ್ನು. ಒಂದು ಗಿಡದಲ್ಲಿ 43 ಗುಂಡು, 2 ಸುಕ್ಕು. ಇನ್ನೊಂದರಲ್ಲಿ 14 ಗುಂಡು, 15 ಸುಕ್ಕು! ಆ ಎರಡನೆಯ ಗಿಡವೊಂದನ್ನೇ ನೋಡಿದವನು ಸುಕ್ಕೇ ಪ್ರಬಲ ಎಂದುಕೊಳ್ಳುತ್ತಿದ್ದ. ಮೂರಕ್ಕೆ ಒಂದು ಎಂಬುದು 253 ಗಿಡಗಳ ಕಾಳನ್ನು ಒಟ್ಟಿಗೆ ಸುರಿದಾಗ ಕಂಡ ಸತ್ಯ.

ಹಾಗಾದರೆ ಎಷ್ಟು ಬೀಜ?

ನಾಲ್ಕಕ್ಕೆ ಒಂದು ಹಳದಿ ಎಂದರೆ ನಾಲ್ಕು ಗಿಡ ಹಾಕಿದರೆ ಸಾಕೇ? ಸಾಲದು. ಒಂದು ಗಿಡ ಹಳದಿ ಆಗದಿರುವ ಸಂಭವ 3/4. ನಾಲ್ಕೂ ಆಗದಿರುವ ಸಂಭವ 3/4 ಅನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 81/256. ನೂರಕ್ಕೆ ಸುಮಾರು 32 ಸಲ ನಿಮಗೆ ಬರೀ ಕೆಂಪೇ ಸಿಗುತ್ತದೆ. ಗುಣಿಸುತ್ತಾ ಹೋದರೆ 11ನೇ ಗಿಡದ ಹೊತ್ತಿಗೆ ಸೋಲುವ ಸಂಭವ ನೂರಕ್ಕೆ ಐದರ ಕೆಳಗಿಳಿಯುತ್ತದೆ, 16ಕ್ಕೆ ನೂರಕ್ಕೆ ಒಂದರ ಹತ್ತಿರ. ನಾನು ನೆನಪಿಡುವುದು 11 ಮತ್ತು 16, ಇಷ್ಟನ್ನೇ.

ಒಂದು ಕೆಂಪು ಗಿಡ ಶುದ್ಧವೋ ಅಲ್ಲವೋ ನೋಡಲೂ ಇದೇ ಸಂಖ್ಯೆ. ಅದರ ಸ್ವಂತ ಬೀಜ 11 ಹಾಕಿ, ಒಂದಾದರೂ ಹಳದಿ ಬಂದರೆ ಶುದ್ಧವಲ್ಲ. ಜಾಗ ಕಡಿಮೆಯಿದ್ದರೆ ಆ ಗಿಡಕ್ಕೆ ಹಳದಿ ಗಿಡದ ಜೊತೆ ಕ್ರಾಸ್ ಮಾಡಿ. ಅಲ್ಲಿ ಅಡಗಿದ ಹಳದಿ ಇದ್ದರೆ ಮಕ್ಕಳಲ್ಲಿ ಅರ್ಧಕ್ಕರ್ಧ ಹೊರಬೀಳುವುದರಿಂದ ಐದೇ ಗಿಡ ಸಾಕು.

ಎರಡು ಗುಣ ಒಟ್ಟಿಗೆ

ಇಲ್ಲಿ ಎಲ್ಲರೂ 16 ಮನೆಯ ಚೌಕ ಹಾಕಲು ಕೂರುತ್ತಾರೆ. ಅಗತ್ಯವಿಲ್ಲ. ಎರಡು ಗುಣಗಳೂ ಒಂದರ ಗೊಡವೆ ಒಂದಕ್ಕಿಲ್ಲದೆ ಹಂಚಿಹೋಗುವುದಾದರೆ ಗುಣಿಸಿದರೆ ಮುಗಿಯಿತು. ಹಳದಿ 1/4, ಆಲೂ ಎಲೆ 1/4, ಎರಡೂ ಒಟ್ಟಿಗೆ 1/16. ಮೆಂಡೆಲ್ 556 ಕಾಳು ಎಣಿಸಿದಾಗ 315 ಗುಂಡು-ಹಳದಿ, 108 ಗುಂಡು-ಹಸಿರು, 101 ಸುಕ್ಕು-ಹಳದಿ, 32 ಸುಕ್ಕು-ಹಸಿರು. 556ರ ಹದಿನಾರನೇ ಒಂದು ಭಾಗ 34.75. ಸಿಕ್ಕಿದ್ದು 32.

1/16ಕ್ಕೆ ನೂರಕ್ಕೆ 95ರಷ್ಟು ಭರವಸೆ ಬೇಕಾದರೆ 47 ಗಿಡ ಹಾಕಬೇಕು. ತಾರಸಿಯಲ್ಲಿ 47 ಟೊಮೆಟೊ ಕುಂಡ! ಇಲ್ಲೇ ಸ್ವಲ್ಪ ತಲೆ ಓಡಿಸಬೇಕು. ಹಣ್ಣಿನ ಬಣ್ಣ ತಿಳಿಯಲು ತಿಂಗಳುಗಟ್ಟಲೆ ಕಾಯಬೇಕು, ಎಲೆಯ ಅಂಚು ಸಸಿಯಲ್ಲೇ ಕಾಣುತ್ತದೆ. 98 ಗುಳಿಯ ಒಂದು ಪ್ರೋಟ್ರೇ (ಸಸಿ ಬೆಳೆಸುವ ತಟ್ಟೆ) ತುಂಬ ಬೀಜ ಹಾಕಿ. ಸುಮಾರು 24 ಆಲೂ ಎಲೆಯವು ಸಿಗುತ್ತವೆ, ಉಳಿದವನ್ನು ಗೊಬ್ಬರದ ಗುಂಡಿಗೆ ಹಾಕಿ. ಆ 24ರಲ್ಲಿ ಹಳದಿ ಆಗುವ ಸಂಭವ ಈಗ ಬರೀ 1/4. ಅಂದರೆ ಅವುಗಳಲ್ಲಿ 11 ನೆಟ್ಟರೆ ಸಾಕು. 47 ಕುಂಡದ ಕೆಲಸ 11ರಲ್ಲಿ ಮುಗಿಯಿತು. ಗುಣ ಆರಿಸುವಾಗ ಒಂದನ್ನಾದರೂ ಸಸಿಯಲ್ಲೇ ಕಾಣುವಂಥದ್ದು ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಸಿಕ್ಕಿದ ಗಿಡ ರ-ರ, ಲ-ಲ. ಈ ಎರಡು ಗುಣದಲ್ಲಿ ಅಂದೇ ಶುದ್ಧ, ಮುಂದಿನ ಪೀಳಿಗೆಯಲ್ಲಿ ಬೇರೆ ಬೇರೆ ಬಗೆಯಾಗಿ ಒಡೆಯುವುದಿಲ್ಲ. ಬೇಕಾದದ್ದು ಕೆಂಪು ಮತ್ತು ಮಾಮೂಲಿ ಎಲೆಯ ಪ್ರಬಲ ಜೋಡಿಯಾಗಿದ್ದರೆ 16ರಲ್ಲಿ 9 ಸಿಗುತ್ತಿದ್ದವು, ಆದರೆ ಆ ಒಂಬತ್ತರಲ್ಲಿ ಪೂರ್ತಿ ಶುದ್ಧವಾದದ್ದು ಒಂದೇ. ಸುಲಭಕ್ಕೆ ಸಿಕ್ಕಿದ್ದನ್ನು ಗಟ್ಟಿ ಮಾಡಿಕೊಳ್ಳುವುದು ಕಷ್ಟ, ಕಷ್ಟಕ್ಕೆ ಸಿಕ್ಕಿದ್ದು ಬಂದ ದಿನವೇ ಗಟ್ಟಿ.

ರುಚಿ, ಗಾತ್ರ ಇತ್ಯಾದಿ ನಾವು ಲೆಕ್ಕಕ್ಕೆ ತೆಗೆದುಕೊಳ್ಳದ ಗುಣಗಳು ಇನ್ನೂ ಒಡೆಯುತ್ತಲೇ ಇರುತ್ತವೆ. ಪ್ರತಿ ಪೀಳಿಗೆಗೂ ಮಿಶ್ರಣ (ಎರಡು ಪ್ರತಿಗಳು ಬೇರೆ ಬೇರೆ ಇರುವ ಪಾಲು) ಅರ್ಧವಾಗುತ್ತದೆ: ಎಫ್2ನಲ್ಲಿ ನೂರಕ್ಕೆ 50, ಎಫ್3ರಲ್ಲಿ 25, ಆಮೇಲೆ 12.5, 6.25. ಎಫ್6, ಎಫ್7ರ ಹೊತ್ತಿಗೆ ಗಿಡಗಳು ಹೆಚ್ಚುಕಡಿಮೆ ಒಂದೇ ಥರ ನಿಲ್ಲುತ್ತವೆ. ಪ್ರತಿ ಸಲ ಮೆಚ್ಚಿದ ಗಿಡದ್ದೇ ಬೀಜ ಬೇರೆ ಇಡಬೇಕು. ಬೆರೆಸಿದರೆ ಕೆಟ್ಟಿತು.

ಲೆಕ್ಕ ತಾಳೆಯಾಗದಿದ್ದಾಗ

40 ಗಿಡದಲ್ಲಿ 30 ಕೆಂಪು, 10 ಹಳದಿ ಬರಬೇಕು. 34 ಮತ್ತು 6 ಬಂದವು ಎನ್ನಿ. ಇದು ಬರೀ ಅದೃಷ್ಟವೋ, ಎಲ್ಲೋ ತಪ್ಪಿದ್ದೇವೋ? ಪ್ರತಿ ಗುಂಪಿನಲ್ಲೂ ವ್ಯತ್ಯಾಸದ ವರ್ಗವನ್ನು ನಿರೀಕ್ಷಿಸಿದ ಸಂಖ್ಯೆಯಿಂದ ಭಾಗಿಸಿ, ಎರಡನ್ನೂ ಕೂಡಿಸಿ. ವ್ಯತ್ಯಾಸ 4, ವರ್ಗ 16. 16ನ್ನು 30ರಿಂದ ಭಾಗಿಸಿದರೆ 0.53, 10ರಿಂದ ಭಾಗಿಸಿದರೆ 1.6. ಒಟ್ಟು 2.13. ಎರಡೇ ಗುಂಪು ಇರುವಾಗ 3.84ರೊಳಗೆ ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 22 ಮತ್ತು 18 ಬಂದಿದ್ದರೆ ಇದೇ ಲೆಕ್ಕ 8.53 ಆಗುತ್ತಿತ್ತು. ಆಗ ಯೋಚಿಸಬೇಕು: ಚೀಟಿ ಅದಲುಬದಲಾಯಿತೇ, ಜೇನುಹುಳ ಬಂದಿತ್ತೇ, ಅಥವಾ ಎಫ್1 ಎಂದುಕೊಂಡದ್ದು ಎಫ್1 ಅಲ್ಲವೇ?

ಎಲ್ಲ ಸರಿಯಿದ್ದೂ ತಾಳೆಯಾಗದ ಸಂದರ್ಭಗಳಿವೆ. ಎರಡು ಜೀನ್‌ಗಳು ಒಂದೇ ವರ್ಣತಂತುವಿನಲ್ಲಿ ಹತ್ತಿರ ಕೂತಿದ್ದರೆ ಜೊತೆಯಾಗಿಯೇ ಹೋಗುತ್ತವೆ, 1/16ರ ಗುಣಾಕಾರ ಅಲ್ಲಿ ನಡೆಯುವುದಿಲ್ಲ. ಚೌಕದ ಪನೆಟ್‌ಗೇ ಸ್ವೀಟ್‌ಪೀ ಹೂವಿನಲ್ಲಿ ಹೀಗೆ ಲೆಕ್ಕ ತಪ್ಪಿತ್ತು.

ಇನ್ನೊಂದು ನಮ್ಮ ಹಿತ್ತಲಿನದೇ, ಸಂಜೆಮಲ್ಲಿಗೆ. ಕೆಂಪು ಹೂವಿನದಕ್ಕೂ ಬಿಳಿಯದಕ್ಕೂ ಕ್ರಾಸ್ ಮಾಡಿದರೆ ಮಕ್ಕಳು ಗುಲಾಬಿ. ಯಾವುದೂ ಪೂರ್ತಿ ಪ್ರಬಲವಲ್ಲ. ಅವುಗಳ ಮುಂದಿನ ಪೀಳಿಗೆ ಒಂದು ಕೆಂಪು, ಎರಡು ಗುಲಾಬಿ, ಒಂದು ಬಿಳಿ. ಇಲ್ಲಿ ಲೆಕ್ಕ ಇನ್ನೂ ಸಲೀಸು, ಒಳಗಿನದು ಹೊರಗೇ ಕಾಣುತ್ತದೆ. ಕಷ್ಟ ಬೇರೆಡೆ ಇದೆ: ಒಂದು ಹೂವಿಗೆ ಕಾಳುಮೆಣಸಿನಂಥ ಒಂದೇ ಬೀಜ. 11 ಬೀಜ ಬೇಕಾದರೆ 11 ಹೂವಿನ ಚಾಕರಿ ಮಾಡಬೇಕು, ಅದೂ ಮಧ್ಯಾಹ್ನ ಮೊಗ್ಗು ಬಿಡಿಸಿ ಕೇಸರ ಕಿತ್ತು, ಸಂಜೆ ಪರಾಗ ಮುಟ್ಟಿಸಿ. ಬಿಟ್ಟರೆ ಹೂ ಮುದುಡುವಾಗ ಕೇಸರ, ಶಲಾಕೆ ಒಂದಕ್ಕೊಂದು ಸುತ್ತಿಕೊಂಡು ತಾವೇ ಕೆಲಸ ಮುಗಿಸಿಕೊಳ್ಳುತ್ತವೆ. ಹಳದಿ ಹೂವಿನದು, ಗೆರೆ-ಚುಕ್ಕೆ ಇರುವುದು ಈ ಲೆಕ್ಕಕ್ಕೆ ಬೇಡ. ಗೆರೆ ಮೂಡುವುದು ಜಾಗ ಬದಲಿಸುತ್ತ ಹಾರುವ ಜೀನ್‌ಗಳಿಂದ, ಅವು ಯಾರ ಚೌಕಕ್ಕೂ ಬಗ್ಗುವುದಿಲ್ಲ. ಇದೇ ಗಿಡದಲ್ಲಿ ಎಲೆಯ ಮೇಲೆ ಬಿಳಿ-ಹಸಿರು ಪಟ್ಟೆ ಬರುವ ಬಗೆಯಲ್ಲಿ ತಂದೆಗೆ ಪಾಲೇ ಇಲ್ಲ, ತಾಯಿಯ ಕೊಂಬೆ ಹೇಗೋ ಮಕ್ಕಳು ಹಾಗೆ ಎಂದು ಜರ್ಮನಿಯ ಕಾರ್ಲ್ ಕೊರೆನ್ಸ್ 1909ರಲ್ಲೇ ತೋರಿಸಿದ.

ದೊಣ್ಣೆ ಮೆಣಸಿನಕಾಯಿ ಖಾರವಾಯಿತೇ?

"ಪಕ್ಕದಲ್ಲಿ ಖಾರದ ಗಿಡ ಇತ್ತು, ಅದಕ್ಕೇ ದೊಣ್ಣೆ ಮೆಣಸಿನಕಾಯಿ ಖಾರ ಬಂತು" ಎನ್ನುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಹಾಗಾಗುವುದಿಲ್ಲ. ಕಾಯಿಯ ಗೋಡೆ, ಬೀಜ ಅಂಟಿರುವ ಬಿಳಿ ತಿರುಳು ಎಲ್ಲವೂ ತಾಯಿಯ ಮೈ. ಖಾರ ಹುಟ್ಟುವುದು ಆ ಬಿಳಿ ತಿರುಳಿನಲ್ಲಿ. ತಂದೆ ಯಾರೇ ಆಗಿರಲಿ ಈ ವರ್ಷದ ಕಾಯಿ ಸಪ್ಪೆಯೇ. ಆದರೆ ಆ ಕಾಯಿಯ ಬೀಜ ಇಟ್ಟು ಮುಂದಿನ ವರ್ಷ ಹಾಕಿದರೆ, ಖಾರ ಪ್ರಬಲವಾದ್ದರಿಂದ ಬೆರಕೆಯಾದ ಪ್ರತಿ ಬೀಜದ ಗಿಡವೂ ಖಾರ. ಕಾಯಿ ಈ ವರ್ಷವೇ ಖಾರವಾಗಿದ್ದರೆ ಬೆರಕೆ ಹಿಂದಿನ ಪೀಳಿಗೆಯಲ್ಲೇ ಆಗಿತ್ತು.

ಮುಸುಕಿನ ಜೋಳ ಮಾತ್ರ ಬೇರೆ. ಅದರ ಕಾಳಿನೊಳಗಿನ ಹಿಟ್ಟು ತಂದೆಯ ಪಾಲನ್ನೂ ಪಡೆದಿರುತ್ತದೆ. ಬಿಳಿ ಜೋಳದ ತೆನೆಗೆ ಹಳದಿಯ ಪರಾಗ ಹಾರಿ ಬಿದ್ದರೆ ಅದೇ ತೆನೆಯಲ್ಲಿ ಹಳದಿ ಕಾಳುಗಳು ಕಾಣುತ್ತವೆ. ಬಟಾಣಿಯೂ ಹಾಗೆಯೇ. ಕಾಳು ಎಂದರೆ ಮರಿಗಿಡವೇ ಆದ್ದರಿಂದ ಒಂದೇ ಸಿಪ್ಪೆಯಲ್ಲಿ ಗುಂಡೂ ಸುಕ್ಕೂ ಪಕ್ಕಪಕ್ಕ ಕೂತಿರುತ್ತವೆ.

ಪರಂಗಿ ಗುಂಡಿಗೆ ಎಷ್ಟು ಸಸಿ?

ಇದೆಲ್ಲ ಹವ್ಯಾಸದವರ ಆಟ ಎನ್ನುವವರಿಗೆ ಪರಂಗಿ ತೋಟ ತೋರಿಸಬೇಕು. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಇರುವ ತಳಿಯಲ್ಲಿ ಬೀಜ ಅರ್ಧ ಗಂಡು, ಅರ್ಧ ಹೆಣ್ಣು. ಸಸಿ ನೋಡಿ ಹೇಳಲಾಗದು. ಗುಂಡಿಗೆ ಒಂದೇ ಸಸಿ ಇಟ್ಟರೆ ನೂರು ಗುಂಡಿಯಲ್ಲಿ ಐವತ್ತು ಫಲವಿಲ್ಲದ್ದು. ಮೂರು ಇಟ್ಟರೆ ಮೂರೂ ಗಂಡಾಗುವ ಸಂಭವ 1/8, ಅಂದರೆ ನೂರು ಗುಂಡಿಗೆ ಹನ್ನೆರಡು ಹದಿಮೂರು. ನಾಲ್ಕಿಟ್ಟರೆ ಆರು. ಪರಾಗಕ್ಕೆ ಹತ್ತಕ್ಕೊಂದರಂತೆ ಗಂಡು ಹೇಗೂ ಬೇಕು, ಹಾಗಾಗಿ ಮೂರರ ಲೆಕ್ಕವೇ ಸರಿಹೋಗುತ್ತದೆ. ನಾಲ್ಕನೆಯ ಸಸಿಯ ದುಡ್ಡು ದಂಡ.

ಕೊಡಗಿನ ಚೆಟ್ಟಳ್ಳಿಯಲ್ಲಿ ಆರಿಸಿದ ಕೂರ್ಗ್ ಹನಿ ಡ್ಯೂ, ಹೆಸರಘಟ್ಟದ ಅರ್ಕಾ ಸೂರ್ಯ ಇವುಗಳಲ್ಲಿ ಬರೀ ಗಂಡು ಗಿಡ ಇಲ್ಲ. ಒಂದೋ ದ್ವಿಲಿಂಗಿ, ಒಂದೋ ಹೆಣ್ಣು. ದ್ವಿಲಿಂಗಿ ಗಿಡ ದೀರ್ಘ-ಹ್ರಸ್ವ, ಹೆಣ್ಣು ಹ್ರಸ್ವ-ಹ್ರಸ್ವ. ದ್ವಿಲಿಂಗಿಯ ಹೂವಿಗೆ ಅದರದ್ದೇ ಪರಾಗ ಸೇರಿದಾಗ ಚೌಕದ ಪ್ರಕಾರ 3:1 ಬರಬೇಕು. ಬರುವುದು 2:1. ದೀರ್ಘ-ದೀರ್ಘ ಸೇರಿದ ಭ್ರೂಣ ಬದುಕುವುದೇ ಇಲ್ಲ, ಒಂದು ಮನೆ ಖಾಲಿ. ಉದ್ದನೆಯ ಕಾಯಿ ಬಿಡುವ ದ್ವಿಲಿಂಗಿಯೇ ಬೇಕೆಂದರೆ ಬೀಜಕ್ಕೆ ದ್ವಿಲಿಂಗಿ ಗಿಡದ ಹೂವನ್ನೇ ಚೀಲ ಕಟ್ಟಿ ಆರಿಸಿ, ಗುಂಡಿಗೆ ಎರಡು ಸಸಿ ಇಡಿ. ಎರಡೂ ಹೆಣ್ಣಾಗುವ ಸಂಭವ 1/9. ಗುಂಡು ಕಾಯಿಯ ಹೆಣ್ಣು ಗಿಡದಿಂದ ಬೀಜ ತೆಗೆದರೆ ಅದು ಅರ್ಧಕ್ಕರ್ಧ ಆಗಿ, ಎರಡು ಸಸಿಯಿಟ್ಟರೂ ನಾಲ್ಕರಲ್ಲಿ ಒಂದು ಗುಂಡಿ ತಪ್ಪುತ್ತದೆ.

ಹೂ ಬರುವ ತನಕ ಯಾವ ಸಸಿಯನ್ನೂ ಕೀಳಬೇಡಿ. ಉದ್ದ ಜಡೆಯ ಹಾಗೆ ಸಣ್ಣ ಹೂವಿನ ಗೊಂಚಲು ಜೋಲಿದರೆ ಗಂಡು. ಕಾಂಡಕ್ಕೆ ಅಂಟಿಕೊಂಡು ಬುಡ ಉಬ್ಬಿದ ದಪ್ಪ ಮೊಗ್ಗಾದರೆ ಹೆಣ್ಣು. ಅದೇ ಜಾಗದಲ್ಲಿ ನೀಳ ಮೊಗ್ಗು ಬಂದು, ಬಿಡಿಸಿದಾಗ ಕಾಯಿಯ ಸುತ್ತ ಹಳದಿ ಕೇಸರ ಕಂಡರೆ ದ್ವಿಲಿಂಗಿ. ಬೇಡವಾದದ್ದನ್ನು ಬುಡದಲ್ಲಿ ಕತ್ತರಿಸಿ. ಎಳೆದು ಕಿತ್ತರೆ ಪಕ್ಕದ ಗಿಡದ ಬೇರೂ ಅಲ್ಲಾಡುತ್ತದೆ.